ಮೇಷ್ಟ್ರ ಕುತ್ತಿಗೆಗೆ ಹೆವಿ ಲೈಸೆನ್ಸು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಕುತ್ತಿಗೆ ಬಲಕ್ಕೆ ತಿರುಗಿದ್ದು ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ. ಅದು ವಾಪಸು ಬರುವುದಿಲ್ಲ ಎಂದು ಗೊತ್ತಾದದ್ದು ಒಂಬತ್ತು ಹದಿನಾರಕ್ಕೆ.

ಆದದ್ದು ಇಷ್ಟೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ರಿವರ್ಸ್ ತೆಗೆಯುತ್ತಿದ್ದರು. ಬ್ರೇಕ್ ಒತ್ತಬೇಕಾದ ಕಡೆ ಆಕ್ಸಿಲರೇಟರ್ ಒತ್ತಿದರು. ಎಡಗಡೆ ಸೀಟಿನಲ್ಲಿದ್ದ ಮೇಷ್ಟ್ರು ತಮ್ಮ ಕಾಲಡಿಯ ಬ್ರೇಕನ್ನು ತುಳಿದು, "ಬ್ರೇಕ್! ಬ್ರೇಕ್!" ಎಂದು ಊರು ಒಂದಾಗುವ ಹಾಗೆ ಕೂಗುತ್ತ ಆಕೆಯ ಕಡೆ ಥಟ್ಟನೆ ತಿರುಗಿದರು. ಗಾಡಿ ನಿಂತಿತು. ಕುತ್ತಿಗೆಯೂ ಅಲ್ಲೇ ನಿಂತಿತು. ಇಪ್ಪತ್ತೆಂಟು ವರ್ಷದಿಂದ ದಿನಕ್ಕೆ ನೂರು ಸಲ ಹೀಗೇ ತಿರುಗಿ ತಿರುಗಿ ಅದಕ್ಕೂ ಸಾಕಾಗಿತ್ತೋ ಏನೋ. ಕಲಿಯುವವರೆಲ್ಲ ಅವರನ್ನು ಹಿಂದಿನಿಂದ ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

"ತಪ್ಪಾಯ್ತು ಮೇಷ್ಟ್ರೇ, ಹಾಗೆ ದುರುಗುಟ್ಟಿ ನೋಡ್ಬೇಡಿ, ನಂಗೆ ಕೈಕಾಲು ನಡುಗುತ್ತೆ," ಎಂದರು ಬ್ಯಾಂಕಿನ ಹೆಂಗಸು.

"ನಾನೆಲ್ಲಮ್ಮಾ ನೋಡ್ತಿದ್ದೀನಿ? ಕುತ್ತಿಗೆ ಹಿಡ್ಕೊಂಡಿದೆ. ಮುಂದೆ ನೋಡಿ, ಕ್ಲಚ್ ಬಿಡ್ಬೇಡಿ, ಬ್ರೇಕ್!"

ಬೇರೆ ವಾರವಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಶುಕ್ರವಾರ ಹತ್ತು ಗಂಟೆಗೆ ಮೇಷ್ಟ್ರ ಬೋಧಕ ಲೈಸೆನ್ಸಿನ ನವೀಕರಣಕ್ಕೆ ದೇಹಪರೀಕ್ಷೆ ಇತ್ತು. ಸರ್ಕಾರಿ ಡಾಕ್ಟರ ಎದುರು ಕುರ್ಚಿಯಲ್ಲಿ ಕೂತು ಮೊದಲು ಬಲ ಭುಜದ ಮೇಲಿಂದ, ಆಮೇಲೆ ಎಡ ಭುಜದ ಮೇಲಿಂದ ಹಿಂದಕ್ಕೆ ನೋಡಿ ತೋರಿಸಬೇಕು. ಆಗದಿದ್ದರೆ ಲೈಸೆನ್ಸು ಅಲ್ಲಿಗೆ ಮುಗಿಯಿತು. ಮತ್ತೆ ಬೇಕೆಂದರೆ ಎಲ್ ಬೋರ್ಡಿನಿಂದ ಶುರುಮಾಡಿ, ತಾವೇ ಕಲಿಸಿದ ಹುಡುಗ ಹುಡುಗಿಯರ ಸಾಲಿನಲ್ಲಿ ನಿಂತು ಪರೀಕ್ಷೆ ಬರೆಯಬೇಕು. ಐವತ್ನಾಲ್ಕನೆಯ ವಯಸ್ಸಿನಲ್ಲಿ! ಸ್ಕೂಲಿನ ಯಜಮಾನರಂತೂ ಸುದ್ದಿ ಕೇಳಿದ ತಕ್ಷಣ, "ಪಾಸಾಗ್ಲಿಲ್ಲ ಅಂದ್ರೆ ಏನಂತೆ ಮೇಷ್ಟ್ರೇ, ಕೌಂಟರಲ್ಲಿ ಕೂತು ಅರ್ಜಿ ತುಂಬಿಸಿ," ಎಂದು ಸಮಾಧಾನ ಬೇರೆ ಹೇಳಿದರು. ಆ ಸಮಾಧಾನ ಕೇಳಿ ಮೇಷ್ಟ್ರು ಅಲ್ಲಿಂದಲೇ ತಮ್ಮ ಬೀದಿಯ ಡಾಕ್ಟರ ಹತ್ತಿರ ಓಡಿದರು.

ಡಾಕ್ಟರು ನೋಡಿ, ಮೂಳೆಗೇನೂ ಆಗಿಲ್ಲ, ಸ್ನಾಯು ಹಿಡಿದಿದೆ, ತಿಳಿದವರ ಹತ್ತಿರ ಮಸಾಜ್ ಮಾಡಿಸಿ ಎಂದು ಕಳಿಸಿದರು. ಅಷ್ಟೇ ಹೇಳಿದ್ದರೆ ಸಾಕಿತ್ತು, 'ತಿಳಿದವರ ಹತ್ತಿರ' ಎಂದುಬಿಟ್ಟರು. ಒಬ್ಬ ಮನುಷ್ಯನಿಗೆ ಏನಾದರೂ ತಿಳಿದಿದೆಯೋ ಇಲ್ಲವೋ ಎಂದು ಕಂಡುಹಿಡಿಯುವುದಕ್ಕೆ ಮೇಷ್ಟ್ರ ಬಳಿ ಇದ್ದದ್ದು ಒಂದೇ ಅಳತೆಗೋಲು. ಲೈಸೆನ್ಸು.

ಈ ವಿಷಯದಲ್ಲಿ ಅವರ ಖ್ಯಾತಿ ಸಣ್ಣದಲ್ಲ. ತಮ್ಮ ಮದುವೆಯ ದಿನ ಹೆಣ್ಣಿನ ಮನೆಯವರು ಕಳಿಸಿದ್ದ ಕಾರಿನ ಡ್ರೈವರನ ಲೈಸೆನ್ಸು ಎರಡು ದಿನದ ಹಿಂದೆ ಮುಗಿದಿದೆ ಎಂದು ಕಂಡುಹಿಡಿದು, ಹತ್ತೊಲ್ಲೆ ಎಂದು ಹಟ ಹಿಡಿದು, ಹೊಸ ಬೂಟಿನಲ್ಲಿ ನಾಲ್ಕು ಮೈಲಿ ನಡೆದು, ಕುಂಟುತ್ತ ಬಂದ ವರ ಅವರು. ಬಂದ ನೆಂಟರಿಗೆಲ್ಲ ಅವರ ಹೆಂಡತಿ ಇವತ್ತಿಗೂ ಇದನ್ನು ಹೇಳುತ್ತಾರೆ. ಮೊದಮೊದಲು ನಗುತ್ತ ಹೇಳುತ್ತಿದ್ದರು.

"ಲೈಸೆನ್ಸ್ ಇಲ್ಲದೋರು ನನ್ನ ಮೈ ಮುಟ್ಟೋ ಹಾಗಿಲ್ಲ. ಹೇಳಿದ್ದೀನಿ," ಎಂದು ಮೇಷ್ಟ್ರು ಘೋಷಿಸಿದರು. ಹೆಂಡತಿ ಎದುರಿಗೆ ನಿಂತಿದ್ದರಿಂದ ಘೋಷಣೆಯೆಲ್ಲ ಬಲಗಡೆಯ ಬೀರುವಿಗೆ ಹೋಯಿತು.

"ಅಯ್ಯೋ ರೀ, ಕುತ್ತಿಗೆ ಒತ್ತಿಸ್ಕೊಳ್ಳೋಕೆ ಲೈಸೆನ್ಸ್ ಯಾಕ್ರೀ? ಅದೇನು ಲಾರೀನಾ?"

"ಲಾರಿಗಿಂತ ಹೆಚ್ಚು ಕಣೇ. ಲಾರಿಗೆ ಸ್ಪೇರ್ ಪಾರ್ಟ್ ಸಿಗುತ್ತೆ."

ಹೆಂಡತಿಯ ತಮ್ಮ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ದೇಹಕ್ಕೆ ಸಂಬಂಧಪಟ್ಟಿದ್ದೆಲ್ಲ ತನಗೆ ಗೊತ್ತು ಎಂದು ನಂಬಿದ್ದ ಈ ಭಾವಮೈದುನ ಮಸಾಜ್ ಮಾಡುವವರ ಮೂರು ವಿಳಾಸ ಬರೆದುಕೊಟ್ಟ. ಮಂಗಳವಾರ ಬೆಳಿಗ್ಗೆ ಭಾವನನ್ನು ಕರೆದುಕೊಂಡು ಹೊರಟ.

ಬೀದಿಯಲ್ಲಿ ನಡೆಯುವುದೇ ಒಂದು ಸಾಹಸ. ಮೇಷ್ಟ್ರ ಕಾಲು ಮುಂದಕ್ಕೆ, ಕಣ್ಣು ಬಲಸಾಲಿನ ಮನೆಗಳೊಳಕ್ಕೆ. ಕಿಟಕಿ ಕಿಟಕಿಯನ್ನೂ ಪರೀಕ್ಷೆ ಮಾಡಿಕೊಂಡು ಹೋಗುವವರಂತೆ ಹೋಗುತ್ತಿದ್ದಾರೆ. ಮೂರನೆಯ ಮನೆಯ ಅಜ್ಜಿ ಬಾಗಿಲಿಗೆ ಬಂದು ನಿಂತರು.

"ಏನಪ್ಪಾ, ನಮ್ಮನೇಲಿ ಏನು ಕಾಣ್ತಿದೆ ನಿಂಗೆ?"

"ಏನೂ ಇಲ್ಲ ಅಜ್ಜಿ, ಕುತ್ತಿಗೆ."

"ಯಾರ ಕುತ್ತಿಗೆ?"

ಭಾವಮೈದುನ ಎಳೆದುಕೊಂಡು ಹೋದ. ತೊಂದರೆ ಅಂದರೆ, ವಾಪಸು ಬರುವಾಗ ಬಲಕ್ಕೆ ಸಿಗುವುದು ಎದುರು ಸಾಲು. ಸಂಜೆಯ ಹೊತ್ತಿಗೆ ಅಜ್ಜಿ ಎರಡೂ ಸಾಲಿಗೆ ಸುದ್ದಿ ಮುಟ್ಟಿಸಿದ್ದರು: ಈ ಮನುಷ್ಯ ಬೆಳಿಗ್ಗೆ ನಮ್ಮ ಸಾಲು ನೋಡ್ಕೊಂಡು ಹೋದ, ಮಧ್ಯಾಹ್ನ ನಿಮ್ಮ ಸಾಲು ನೋಡ್ಕೊಂಡು ಬಂದ, ಏನೋ ಲೆಕ್ಕ ಹಾಕ್ತಿದ್ದಾನೆ, ರಸ್ತೆ ಅಗಲ ಮಾಡ್ತಾರೋ ಏನೋ. ಎರಡು ಮನೆಯವರು ಅವತ್ತೇ ಕಾಂಪೌಂಡಿನ ಅಳತೆ ತೆಗೆದರು.

ಮೊದಲನೆಯವನು ವ್ಯಾಯಾಮ ಶಾಲೆಯ ಹಿಂದಿನ ಕೋಣೆಯಲ್ಲಿದ್ದ ಪೈಲ್ವಾನ. ತೋಳು ಒಂದೊಂದೂ ಮೇಷ್ಟ್ರ ತೊಡೆಯಷ್ಟು. ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡ ಚಿನ್ನದ ಬಣ್ಣದ ಕಟ್ಟಿನಲ್ಲಿ ಒಂದು ಪ್ರಮಾಣಪತ್ರ. ಮೇಷ್ಟ್ರು ಅದನ್ನು ಓದಲು ಗೋಡೆಗೆ ಬಲಭುಜ ಒತ್ತಿ ನಿಂತರು.

"'ಎರಡು ದಿನದ ಶಿಬಿರದಲ್ಲಿ ಭಾಗವಹಿಸಿದ್ದಾರೆ'," ಎಂದು ಗಟ್ಟಿಯಾಗಿ ಓದಿದರು. "ಭಾಗವಹಿಸಿದ್ದಾರೆ ಅಂದ್ರೆ? ಪಾಸಾಗಿದ್ದಾರೆ ಅಂತ ಎಲ್ಲಿದೆ?"

"ಹೋಗಿದ್ದೆ ಸಾರ್. ಎರಡೂ ದಿನ ಹೋಗಿದ್ದೆ. ಊಟಾನೂ ಕೊಟ್ರು."

"ನನ್ನ ಗಾಡೀಲಿ ಹಿಂದಿನ ಸೀಟಲ್ಲಿ ಕೂತೋನೂ ಭಾಗವಹಿಸಿರ್ತಾನೆ ಕಣಯ್ಯಾ! ಸ್ಟೀರಿಂಗ್ ಕೊಟ್ಬಿಡೋದಾ?"

ಪೈಲ್ವಾನನಿಗೆ ಇದರ ತಲೆಬುಡ ತಿಳಿಯಲಿಲ್ಲ. ಮಾತು ಬೇಡ, ಕೆಲಸ ತೋರಿಸುತ್ತೇನೆ ಎಂದು ಎರಡೂ ಕೈ ಚಾಚಿದ. ಆ ಕೈಗಳನ್ನು ನೋಡಿ ಮೇಷ್ಟ್ರು ಬಾಗಿಲಿನ ಕಡೆಗೆ ಏಡಿಯಂತೆ ಅಡ್ಡಡ್ಡ ಓಡಿದರು. ಈ ಒಂದು ವಿಷಯದಲ್ಲಿ ಮಾತ್ರ ಮೇಷ್ಟ್ರು ಮಾಡಿದ್ದು ಸರಿ ಎಂದು ಒಪ್ಪಬೇಕು.

ಎರಡನೆಯವರು ಬೆಳ್ಳಿಗೂದಲಿನ ಗಂಭೀರ ಮನುಷ್ಯರು, ಹೆಸರಿನ ಮುಂದೆ ಪದವಿಗಳಂಥ ಒಂಬತ್ತು ಅಕ್ಷರ. ಗೋಡೆ ತುಂಬ ಹನ್ನೊಂದು ಕಟ್ಟು. ಮೇಷ್ಟ್ರಿಗೆ ಗೋಡೆ ನೋಡಿಯೇ ಅರ್ಧ ನೋವು ಇಳಿದುಹೋಯಿತು. ಅಂಗಿ ಬಿಚ್ಚಿದರು, ಟವೆಲ್ ಸುತ್ತಿಕೊಂಡರು, ಮಲಗಿದರು. ಆದರೆ ಮಲಗಿದ ಮೇಲೆ ಬಲಗಡೆ ಗೋಡೆ ಕಣ್ಣಿಗೆ ನೇರವಾಗಿ ಬಿತ್ತಲ್ಲ! ಒಂದೊಂದಾಗಿ ಓದತೊಡಗಿದರು. ಒಂದು ರಕ್ತದಾನ ಮಾಡಿದ್ದಕ್ಕೆ. ಒಂದು ಈಜಿದ್ದಕ್ಕೆ. ಒಂದು ಪ್ರಥಮ ಚಿಕಿತ್ಸೆಯದು. ಉಳಿದ ಎಂಟೂ ಬೇರೆ ಬೇರೆ ಸಂಘಗಳ ಸದಸ್ಯತ್ವ.

"ಇವೆಲ್ಲ ಸದಸ್ಯತ್ವ ಅಂತಿದೆಯಲ್ಲ ಸ್ವಾಮಿ? ಸದಸ್ಯರಾಗೋಕೆ ಏನು ಪರೀಕ್ಷೆ?"

"ಪರೀಕ್ಷೆ ಏನಿಲ್ಲ. ವರ್ಷಕ್ಕೊಂದು ಸಲ ಶುಲ್ಕ ಕಟ್ಟಿದ್ರಾಯ್ತು. ಪತ್ರಿಕೆ ಕಳಿಸ್ತಾರೆ, ಚೆನ್ನಾಗಿರುತ್ತೆ. ನೀವು ಸಡಿಲ ಬಿಡಿ, ಭುಜ ಬಿಗಿ ಹಿಡೀಬೇಡಿ."

"ಈ ಮೇಲಿನದು ನಿನ್ನೆಗೆ ಮುಗಿದಿದೆ!"

"ಅದು ಪತ್ರಿಕೇದು ಸಾರ್!"

"ಯಾವುದಾದ್ರೇನು? ಮುಗಿದಿದ್ದು ಮುಗಿದಿದ್ದೇ!" ಎಂದು ಮೇಷ್ಟ್ರು ಮಂಚದಿಂದ ಧುಮುಕಿದರು. ಅಂಗಿಯನ್ನು ಕೈಯಲ್ಲಿ ಹಿಡಿದು ಟವೆಲಿನಲ್ಲೇ ಹೊರಬಂದ ಭಾವನನ್ನು ಕಂಡು ಭಾವಮೈದುನ ಹಣೆ ಹಣೆ ಚಚ್ಚಿಕೊಂಡ.

ಬುಧವಾರ ಉಳಿದದ್ದು ಒಂದೇ ವಿಳಾಸ. ಇಸ್ತ್ರಿ ಅಂಗಡಿಯ ಮೇಲಿನ ಮಹಡಿ, ಒಂದೇ ಕೋಣೆ. ನಲವತ್ತರ ಆಸುಪಾಸಿನ ಹೆಂಗಸು. ಒಂದು ಮಂಚ, ಒಂದು ಕುರ್ಚಿ, ಮಡಿಸಿಟ್ಟ ಟವೆಲುಗಳ ಅಲಮಾರು. ಒಬ್ಬ ಮುದುಕರು ಕುರ್ಚಿಯಲ್ಲಿ ಕೂತಿದ್ದರು, ಲಕ್ವ ಹೊಡೆದು ಬಿದ್ದಿದ್ದ ಬಲಗೈಯ ಬೆರಳನ್ನು ಆಕೆ ಒಂದೊಂದಾಗಿ ಬಿಡಿಸುತ್ತಿದ್ದರು. ಎರಡು ತಿಂಗಳ ಹಿಂದೆ ಮುಷ್ಟಿಯಾಗಿದ್ದ ಕೈ ಈಗ ಲೋಟ ಹಿಡಿಯುತ್ತಿತ್ತು. ಇದನ್ನು ಕಣ್ಣಾರೆ ಕಂಡ ಯಾವ ಮನುಷ್ಯನಾದರೂ ತೆಪ್ಪಗೆ ಮಲಗಿಬಿಡುತ್ತಿದ್ದ. ನಮ್ಮ ಮೇಷ್ಟ್ರು ಗೋಡೆ ಹುಡುಕಿದರು.

"ಲೈಸೆನ್ಸು?"

ಆಕೆ ಕೈ ತೊಳೆದು, ಡ್ರಾಯರಿನಿಂದ ಒಂದು ಫೈಲು ತೆಗೆದು, ತಾಳ್ಮೆಯಿಂದಲೇ ಹೇಳಿದರು. "ನೋಡಿ ಮೇಷ್ಟ್ರೇ, ಇದು ಶಾಲೆ ಕೊಟ್ಟ ಪ್ರಮಾಣಪತ್ರ. ಇಷ್ಟು ಗಂಟೆ ಕಲಿತಿದ್ದೀನಿ ಅನ್ನೋಕೆ. ಇದು ಸರ್ಕಾರದ ಲೈಸೆನ್ಸು. ಇದಿಲ್ಲದೆ ನಾನು ಯಾರ ಮೈಗೂ ಕೈ ಹಾಕೋ ಹಾಗಿಲ್ಲ. ಇದು ಮಂಡಳಿ ಪರೀಕ್ಷೆ ಪಾಸಾಗಿದ್ದು. ಕಡ್ಡಾಯ ಅಲ್ಲ, ನಾನಾಗಿ ಬರೆದೆ. ಸಂಘದ ಸದಸ್ಯತ್ವ ಇದೆ, ಅದನ್ನ ಯಾರಿಗೂ ತೋರಿಸಲ್ಲ."

ಮೇಷ್ಟ್ರ ಮುಖ ಅರಳಿತು. "ಅಂದ್ರೆ ಮೊದಲನೇದು ನಮ್ಮ ಸ್ಕೂಲಲ್ಲಿ ಕೊಡೋ ಕಾಗದ. ಎರಡನೇದು ನಿಜವಾದ ಲೈಸೆನ್ಸು. ಮೂರನೇದು ಬೆಟ್ಟದ ರಸ್ತೇಲಿ ಓಡಿಸಿ ತೋರಿಸಿದ ಹಾಗೆ. ಸದಸ್ಯತ್ವ ಗಾಜಿಗೆ ಅಂಟಿಸೋ ಸ್ಟಿಕರ್ರು."

"ಸರಿಯಾಗಿ ಹೇಳಿದ್ರಿ!" ಎಂದು ಆಕೆಗೂ ಸಂತೋಷವಾಯಿತು. ಇಷ್ಟು ಬೇಗ ಅರ್ಥ ಮಾಡಿಕೊಂಡವರು ಇವರೇ ಮೊದಲು ಎಂದೂ ಹೇಳಿಬಿಟ್ಟರು. ಪಾಪ, ಆಗ ಆಕೆಗೆ ಗೊತ್ತಿರಲಿಲ್ಲ.

ಮೇಷ್ಟ್ರು ಫೈಲಿನ ಮುಂದಿನ ಹಾಳೆ ತಿರುವಿದರು. "ಇದೇನಿದು?"

"ಅದು ಎಳೆಮಕ್ಕಳಿಗೆ ಮಾಡೋದರ ವಿಶೇಷ ತರಬೇತಿ. ಅದರ ಹಿಂದಿಂದು ಬಸುರಿ ಹೆಂಗಸರಿಗೆ. ಅದರ ಹಿಂದಿಂದು ಆಟಗಾರರಿಗೆ. ಬನ್ನಿ, ಮಲಗಿ."

ಮೇಷ್ಟ್ರು ಅಲ್ಲಾಡಲಿಲ್ಲ. ಅವರ ತಲೆಯಲ್ಲಿ ಗೇರು ಬಿದ್ದಿತ್ತು. "ಅಂದ್ರೆ ದರ್ಜೆ ಇದೆ ಅಂತಾಯ್ತು."

"ಏನು ದರ್ಜೆ?"

"ಎಳೆಮಗೂಗೆ ಬೇರೆ ಅಂದ್ರೆ ದ್ವಿಚಕ್ರ. ಆಟಗಾರರಿಗೆ ಬೇರೆ ಅಂದ್ರೆ ಕಾರು. ನಾನು ತೊಂಬತ್ತಾರು ಕೇಜಿ ಇದ್ದೀನಮ್ಮ. ನನ್ನಂಥೋರಿಗೆ ಹೆವಿ ಇರ್ಲೇಬೇಕಲ್ಲ! ಅದೆಲ್ಲಿ?"

"ಮೇಷ್ಟ್ರೇ, ಮನುಷ್ಯರಲ್ಲಿ ಲೈಟು ಹೆವಿ ಅಂತ ಇಲ್ಲ. ನಾನು ನೂರಿಪ್ಪತ್ತು ಕೇಜಿಯವರಿಗೂ ಮಾಡಿದ್ದೀನಿ."

"ಹೆವಿ ಇಲ್ಲದೆ?" ಮೇಷ್ಟ್ರು ಗಾಬರಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. "ನಿಮ್ಮ ಮೇಲೆ ಅನುಮಾನ ಅಲ್ಲಮ್ಮಾ. ನೀವು ಒಳ್ಳೆಯೋರು, ಮುಖ ನೋಡಿದ್ರೇ ಗೊತ್ತಾಗುತ್ತೆ." ಅವರ ಮುಖ ಇದ್ದದ್ದು ಲಕ್ವದ ಮುದುಕರ ಕಡೆಗೆ. "ಆದ್ರೆ ನಿಯಮ ನಿಯಮಾನೇ. ಅರ್ಧ ಗಂಟೆ ಕೊಡಿ, ಲೈಸೆನ್ಸ್ ಕೊಡೋ ಆಫೀಸಲ್ಲಿ ಕೇಳ್ಕೊಂಡು ಬಂದ್ಬಿಡ್ತೀನಿ."

"ಭಾವಾ, ಕೈ ಮುಗೀತೀನಿ, ಮಲಕ್ಕೊಳ್ಳಿ," ಎಂದ ಭಾವಮೈದುನ. ಅವನು ನಿಜವಾಗಿಯೂ ಕೈ ಮುಗಿದಿದ್ದ. ಮೇಷ್ಟ್ರು ಮೆಟ್ಟಿಲಿಳಿದಾಗಿತ್ತು.

ಆಫೀಸಿನಲ್ಲಿ 'ಅಂಗಮರ್ದನ ಪರವಾನಗಿ ಶಾಖೆ' ಎಂಬ ಬೋರ್ಡಿನ ಕೆಳಗೆ ಒಬ್ಬ ಗುಮಾಸ್ತ ಕೂತಿದ್ದ. ಮೇಷ್ಟ್ರು ಅವನೆದುರು ಬಲಮಗ್ಗುಲಾಗಿ ನಿಂತು ವಿಷಯ ಹೇಳಿದರು.

"ಒಂದು ಸಣ್ಣ ವಿಷಯ ಕೇಳ್ಬೇಕಿತ್ತು."

"ಕೇಳೋಕೆ ಫಾರಂ ಇಲ್ಲ. ಇಲ್ಲಿರೋದು ಎರಡೇ ಫಾರಂ. ಹೊಸ ಅರ್ಜಿ, ದೂರು. ನೀವು ಮಸಾಜ್ ಮಾಡೋರಾ?"

"ಅಲ್ಲ."

"ಹಾಗಾದ್ರೆ ದೂರು." ಗುಮಾಸ್ತ ಹಳದಿ ಫಾರಂ ತಳ್ಳಿದ. "ಒಂದು ಕಾಲಂ ಖಾಲಿ ಬಿಟ್ರೂ ತಗೊಳ್ಳಲ್ಲ."

ಈ ಮಾತನ್ನು ಅವನು ಯಾರಿಗೆ ಹೇಳುತ್ತಿದ್ದಾನೆ! ಇಪ್ಪತ್ತೆಂಟು ವರ್ಷದಲ್ಲಿ ಮೇಷ್ಟ್ರು ತುಂಬಿಸಿದ ಫಾರಮ್ಮುಗಳಲ್ಲಿ ಖಾಲಿ ಬಿಟ್ಟ ಕಾಲಂ ಒಂದಿಲ್ಲ. ಕಾಗದವನ್ನು ಬಲಕ್ಕೆ ಇಟ್ಟುಕೊಂಡು ದುಂಡಗೆ ಬರೆದರು. ಆಕೆಯ ಹೆಸರು, ವಿಳಾಸ, ಲೈಸೆನ್ಸಿನ ನಂಬರು. 'ದೂರಿನ ಸ್ವರೂಪ' ಎಂಬಲ್ಲಿ, 'ಭಾರಿ ದೇಹಗಳನ್ನು ನಿರ್ವಹಿಸಲು ಅನುಮತಿ ಇರುವ ಬಗ್ಗೆ ದಾಖಲೆ ಕಂಡುಬಂದಿಲ್ಲ.' ಕೊನೆಯ ಕಾಲಂ, 'ದೂರುದಾರರ ದೇಹಕ್ಕಾದ ಗಾಯದ ವಿವರ.' ಇಲ್ಲಿ ಮೇಷ್ಟ್ರು ಸ್ವಲ್ಪ ಯೋಚಿಸಿದರು. ಗಾಯವಂತೂ ಇಲ್ಲ. ಆದರೆ ಖಾಲಿ ಬಿಡುವ ಹಾಗೂ ಇಲ್ಲ. ಇದ್ದದ್ದನ್ನೇ ಬರೆದರು: 'ಕುತ್ತಿಗೆ ಬಲಕ್ಕೆ ತಿರುಗಿ ನಿಂತಿದೆ.' ಸಹಿ ಹಾಕಿ, ತಾರೀಕು ಹಾಕಿ, ತೃಪ್ತಿಯಿಂದ ಮನೆಗೆ ಹೋದರು. ಉತ್ತರ ನಾಳೆ ಬರುತ್ತದೆ ಎಂದಿದ್ದ ಗುಮಾಸ್ತ.

ಬಂತು. ಒಂದು ಸಹಿಗೆ ಆರು ತಿಂಗಳು ಅಲೆಸುವ ಕಚೇರಿ ಅದೊಂದು ಸಲ ಮಾತ್ರ ಮಿಂಚಿನ ಹಾಗೆ ಕೆಲಸ ಮಾಡಿತು. ಬೇಕಾದಾಗ ಇಂಥ ಚುರುಕು ಯಾರಿಗೂ ಸಿಕ್ಕಿದ್ದಿಲ್ಲ.

ಗುರುವಾರ ಬೆಳಿಗ್ಗೆ ಮೇಷ್ಟ್ರ ಮನೆ ಬಾಗಿಲು ಬಡಿದವರು ಆ ಮಸಾಜಿನ ಹೆಂಗಸು. ಕೈಯಲ್ಲಿ ನೋಟೀಸು. ಮೇಷ್ಟ್ರ ಹೆಂಡತಿ ಓದಿದರು.

"'ಭಾರಿ ದೇಹದ ಶ್ರೀಯುತರ ಕುತ್ತಿಗೆಯನ್ನು ಬಲಕ್ಕೆ ತಿರುಗಿಸಿ ನಿಲ್ಲಿಸಿರುವ ಆರೋಪದ ಮೇರೆಗೆ ತಮ್ಮ ಪರವಾನಗಿಯನ್ನು ಅಮಾನತಿನಲ್ಲಿಟ್ಟು, ಕೊಠಡಿಗೆ ಬೀಗಮುದ್ರೆ ಹಾಕಲಾಗಿದೆ.' ರೀ!"

"ನಾನು ಇವರನ್ನ ಮುಟ್ಟೇ ಇಲ್ಲಮ್ಮಾ," ಎಂದರು ಆಕೆ. "ಮಲಗಿ ಮಲಗಿ ಅಂತ ಬೇಡ್ಕೊಂಡೆ. ದಿನಾ ಏಳು ಜನ ಬರ್ತಾರೆ ನನ್ನ ಹತ್ರ. ಆ ಮುದುಕರು ಬೆಳಿಗ್ಗೆಯಿಂದ ಇಸ್ತ್ರಿ ಅಂಗಡಿ ಮುಂದೆ ಕೂತಿದ್ದಾರೆ. ನಾಲ್ಕು ದಿನ ಬಿಟ್ರೆ ಬೆರಳು ಮತ್ತೆ ಮಡಚ್ಕೊಳ್ಳುತ್ತೆ. ಹನ್ನೆರಡು ವರ್ಷದಿಂದ ಮಾಡ್ತಿದ್ದೀನಿ. ಒಂದು ದೂರಿಲ್ಲ ನನ್ನ ಮೇಲೆ."

"ನಾನು ದೂರು ಕೊಟ್ಟಿಲ್ಲ," ಎಂದರು ಮೇಷ್ಟ್ರು, ಬೀರುವಿಗೆ. "ವಿಚಾರಿಸಿದೆ ಅಷ್ಟೇ. ಕೇಳೋಕೆ ಫಾರಂ ಇರ್ಲಿಲ್ಲ."

"ಗಾಯ ಅಂತ ಯಾಕ್ರೀ ಬರೆದ್ರಿ?"

"ಕಾಲಂ ಇತ್ತು!"

ಹೆಂಡತಿ ಆ ಹೆಂಗಸಿನ ಕೈ ಹಿಡಿದು, "ಹೋಗ್ಲಿ ಬಿಡಿ. ಬಂದಿದ್ದೀರಿ, ಇಲ್ಲೇ ಇವರ ಕುತ್ತಿಗೆ ಸರಿ ಮಾಡ್ಬಿಡಿ. ಕುತ್ತಿಗೆ ನೆಟ್ಟಗಾದ್ರೆ ದೂರು ಎಲ್ಲಿರುತ್ತೆ?" ಎಂದರು.

ಎಷ್ಟು ಸರಿಯಾದ ಮಾತು! ಆದರೆ ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. "ಅದು ಹೇಗೆ ಆಗುತ್ತೆ? ಅವರ ಲೈಸೆನ್ಸ್ ಅಮಾನತಿನಲ್ಲಿದೆ."

ಮೇಷ್ಟ್ರ ಹೆಂಡತಿ ಸೆರಗು ಬಿಗಿದರು. "ನಾನೇ ತಿರುಗಿಸ್ತೀನಿ ನಿಮ್ಮ ಕುತ್ತಿಗೆ. ನನಗೆ ಯಾವ ಲೈಸೆನ್ಸೂ ಬೇಡ. ನಡೀರಿ ಆಫೀಸಿಗೆ!"

ಆಫೀಸಿನಲ್ಲಿ ನೋಟೀಸು ಕಳಿಸಿದ್ದ ಪರಿವೀಕ್ಷಕರು ಇರಲಿಲ್ಲ, ಬೇರೆ ಯಾರದೋ ಬಾಗಿಲಿಗೆ ಬೀಗ ಹಾಕಲು ಹೋಗಿದ್ದರು. ನಾಳೆ ಒಂಬತ್ತಕ್ಕೆ ಬನ್ನಿ ಎಂದ ಗುಮಾಸ್ತ. ನಾಳೆ ಎಂದರೆ ಶುಕ್ರವಾರ. ಹತ್ತಕ್ಕೆ ಮೇಷ್ಟ್ರ ದೇಹಪರೀಕ್ಷೆ. ಅವತ್ತು ಮೇಷ್ಟ್ರಿಗೆ ಊಟ ಸೇರಲಿಲ್ಲ. ತಮ್ಮ ಲೈಸೆನ್ಸು ಹೋಗುತ್ತದೆ ಎಂಬ ಸಂಕಟ ಒಂದು ಕಡೆ, ಇಪ್ಪತ್ತೆಂಟು ವರ್ಷ ಲೈಸೆನ್ಸ್ ಕೊಡಿಸಿದ ಕೈಯಿಂದ ಇನ್ನೊಬ್ಬರ ಲೈಸೆನ್ಸು ಕಳೆದೆನಲ್ಲ ಎಂಬ ಸಂಕಟ ಇನ್ನೊಂದು ಕಡೆ. ಎರಡನೆಯದೇ ಹೆಚ್ಚು ಉರಿಯುತ್ತಿತ್ತು ಎನ್ನುವುದನ್ನು ಅವರ ಪರವಾಗಿ ಹೇಳಲೇಬೇಕು.

ಶುಕ್ರವಾರ ಒಂಬತ್ತಕ್ಕೆ ಪರಿವೀಕ್ಷಕರ ಮೇಜಿನೆದುರು ನಾಲ್ವರೂ ನಿಂತರು. ಮೇಷ್ಟ್ರು, ಹೆಂಡತಿ, ಭಾವಮೈದುನ, ಮಸಾಜಿನ ಹೆಂಗಸು.

"ದೂರು ವಾಪಸ್ ತಗೋತೀನಿ ಸಾರ್," ಎಂದರು ಮೇಷ್ಟ್ರು.

"ವಾಪಸ್ ತಗೊಳ್ಳೋಕೆ ಫಾರಂ ಇಲ್ಲ. ಅಲ್ಲದೆ ಗಾಯ ಕಣ್ಣಿಗೆ ಕಾಣ್ತಿದೆಯಲ್ರೀ. ಎಲ್ಲಿ ನೋಡ್ತಿದ್ದೀರಿ, ನನ್ನ ನೋಡಿ ಮಾತಾಡಿ."

"ಅದೇ ಸಾರ್ ಗಾಯ."

ಪರಿವೀಕ್ಷಕರು ನಿಯಮದ ಪುಸ್ತಕ ತಿರುವಿದರು. ಲೈಸೆನ್ಸುದಾರರ ಸಾಮರ್ಥ್ಯದ ಬಗ್ಗೆ ಸಂದೇಹ ಬಂದಲ್ಲಿ ಅಧಿಕಾರಿಯ ಸಮಕ್ಷಮ ಪ್ರಾಯೋಗಿಕ ಪರೀಕ್ಷೆ ನಡೆಸಬಹುದು ಎಂದು ಒಂದು ಕಲಮು ಸಿಕ್ಕಿತು. ಅವರಿಗೂ ಉತ್ಸಾಹ ಬಂತು. "ಸರಿ. ಭಾರಿ ದೇಹ ಇಲ್ಲೇ ಇದೆ. ಮಾಡಿ ತೋರಿಸಿ. ಅಮಾನತು ಇದ್ರೂ ನನ್ನೆದುರು ಮಾಡಬಹುದು, ನಿಯಮದಲ್ಲಿದೆ."

ನಿಯಮದಲ್ಲಿದೆ ಎಂದ ಮೇಲೆ ಮೇಷ್ಟ್ರಿಗೆ ಇನ್ನೇನು ಬೇಕು? ಗುಮಾಸ್ತ ಉದ್ದನೆಯ ಮೇಜಿನ ಮೇಲಿದ್ದ ಫೈಲುಗಳನ್ನು ನೆಲಕ್ಕೆ ಇಳಿಸಿದ. ಮೇಷ್ಟ್ರು ಹತ್ತಿ ಮಲಗಿದರು, ಮೇಜು ನರಳಿತು. ಪರಿವೀಕ್ಷಕರು ಕಾಗದ ಪೆನ್ನು ಹಿಡಿದು ಕೂತರು. ಪಕ್ಕದ ಶಾಖೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಎಷ್ಟೋ ವರ್ಷ ಪರೀಕ್ಷೆಯ ಮೈದಾನದ ಅಂಚಿನಲ್ಲಿ ನಿಂತು ಉಗುರು ಕಚ್ಚಿದ್ದ ಮೇಷ್ಟ್ರು ಇವತ್ತು ತಾವೇ ಗಾಡಿಯಾಗಿದ್ದರು.

ಆಕೆ ಕೈಗೆ ಎಣ್ಣೆ ಹಚ್ಚಿಕೊಂಡು ಮೇಷ್ಟ್ರ ಹೆಗಲ ಮೇಲೆ ಹೆಬ್ಬೆರಳು ಇಟ್ಟರು.

"ನಿಧಾನ," ಎಂದರು ಮೇಷ್ಟ್ರು. "ಮೊದಲು ಸುತ್ತ ನೋಡ್ಕೊಳ್ಳಿ. ಒಮ್ಮೆಗೇ ಒತ್ತಬೇಡಿ. ಅಧಿಕಾರಿಗಳ ಕಡೆ ನೋಡ್ಬೇಡಿ, ಕೈ ನಡುಗುತ್ತೆ. ಹಾಂ, ಈಗ ಬಲಕ್ಕೆ ಸ್ವಲ್ಪ, ಸಾಕು ಸಾಕು, ಬ್ರೇಕ್! ಬ್ರೇಕ್!"

ಆಕೆ ಕೈ ತೆಗೆದರು. ಎರಡು ದಿನದಿಂದ ಹಿಡಿದಿಟ್ಟಿದ್ದ ತಾಳ್ಮೆಯೆಲ್ಲ ಒಂದೇ ಮಾತಿನಲ್ಲಿ ಹೊರಬಂತು. "ಮೇಷ್ಟ್ರೇ! ಗಾಡಿ ಮಾತಾಡಬಾರದು!"

ಬಾಗಿಲಲ್ಲಿದ್ದವರು ಗೊಳ್ಳೆಂದು ನಕ್ಕರು. ಮೇಷ್ಟ್ರ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕರು. ಮೇಷ್ಟ್ರು ತುಟಿ ಬಿಗಿಹಿಡಿದರು. ಕಾಲು ಗಂಟೆ ಆಕೆಯ ಬೆರಳುಗಳು ಕುತ್ತಿಗೆಯ ಬುಡದಿಂದ ಕಿವಿಯ ಹಿಂದಿನವರೆಗೆ ಹೋದವು, ಬಂದವು, ಒಂದು ಕಡೆ ನಿಂತು ಕಾದವು. ಒಂದು ಸಲವೂ ಅವಸರ ಮಾಡಲಿಲ್ಲ. ಆಮೇಲೆ ಎರಡೂ ಅಂಗೈಯಲ್ಲಿ ತಲೆ ಹಿಡಿದು ಮೆಲ್ಲಗೆ, ಮಲಗಿದ ಮಗುವಿನ ತಲೆದಿಂಬು ಸರಿಮಾಡುವ ಹಾಗೆ, ನಡುವಿಗೆ ತಂದರು. ಮೇಷ್ಟ್ರು ನಾಲ್ಕು ದಿನದ ಮೇಲೆ ತಮ್ಮ ಮೂಗಿನ ನೇರಕ್ಕೆ ಇದ್ದ ಚಾವಣಿಯನ್ನು ನೋಡಿದರು. ಕಣ್ಣಲ್ಲಿ ನೀರು ಬಂತು.

ಪರಿವೀಕ್ಷಕರು 'ಭಾರಿ ದೇಹ: ತೃಪ್ತಿಕರ' ಎಂದು ಬರೆದು ಮುದ್ರೆ ಒತ್ತಿ, ಕೋಣೆಯ ಬೀಗದ ಕೈ ವಾಪಸು ಕೊಟ್ಟರು.

"ನೋಡಿ ಮೇಷ್ಟ್ರೇ," ಎಂದರು ಆಕೆ ಕೈ ಒರೆಸಿಕೊಳ್ಳುತ್ತ, "ಇದು ಪೂರ್ತಿ ವಾಸಿ ಆಗಿಲ್ಲ. ಇನ್ನೂ ಎರಡು ಸಲ ಬರಬೇಕು. ಅಲ್ಲೀವರೆಗೆ ಎಲ್ಲಿ ತಿರುಗಿದ್ರೂ ನಿಧಾನ. ಎಳೆದಾಡಬೇಡಿ. ಕೇಳಿಸ್ತಾ?"

"ಕೇಳಿಸ್ತಮ್ಮಾ. ತಪ್ಪಾಯ್ತು, ಕ್ಷಮಿಸಿಬಿಡಿ," ಎಂದು ಮೇಷ್ಟ್ರು ಮನಸಾರೆ ಕೈ ಮುಗಿದು ಹತ್ತು ಗಂಟೆಯ ಪರೀಕ್ಷೆಗೆ ಓಡಿದರು.

ಎಚ್ಚರಿಕೆ ಕೇಳಿಸಿದ್ದೇನೋ ನಿಜ. ಆದರೆ ಸರ್ಕಾರಿ ಡಾಕ್ಟರು, "ಬಲಕ್ಕೆ ನೋಡಿ," ಎಂದಾಗ ಸರಾಗವಾಗಿ ನೋಡಿದ ಮೇಷ್ಟ್ರಿಗೆ ಹುಮ್ಮಸ್ಸು ಬಂದುಬಿಟ್ಟಿತು. "ಎಡಕ್ಕೆ," ಎಂದರು ಡಾಕ್ಟರು. ಒಂದು ಅರ್ಧ ತಿರುಗಿದ್ದರೆ ಸಾಕಿತ್ತು. ಈ ಮಹಾನುಭಾವರು ಇಪ್ಪತ್ತೆಂಟು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ, ಹಿಂದಿನ ಗೋಡೆಯ ಕ್ಯಾಲೆಂಡರಿನ ತಾರೀಕು ಓದುವಷ್ಟು ತಿರುಗಿಸಿದರು. ಒಳಗೆ ಏನೋ 'ಕಟ್' ಎಂದಿತು.

"ಭೇಷ್. ಸಾಕು, ಈ ಕಡೆ ನೋಡಿ," ಎಂದರು ಡಾಕ್ಟರು, ತಲೆ ತಗ್ಗಿಸಿ ಬರೆಯುತ್ತ.

"ಆಗ್ಲಿ ಸಾರ್," ಎಂದರು ಮೇಷ್ಟ್ರು ಎಡಗಡೆಯ ಕಿಟಕಿಗೆ. ಡಾಕ್ಟರು ಸಹಿ ಹಾಕಿ, ಮುಂದಿನವರು ಯಾರು ಎಂದು ಕೂಗಿದರು.

ಹೊರಗೆ ಕಾಯುತ್ತಿದ್ದ ಹೆಂಡತಿ ಗಂಡನ ಕೈಯಲ್ಲಿದ್ದ ಪಾಸು ಎಂದು ಸಹಿಯಾದ ಕಾಗದವನ್ನು ಒಮ್ಮೆ, ಎಡಕ್ಕೆ ತಿರುಗಿ ನಿಂತಿದ್ದ ಮುಖವನ್ನು ಒಮ್ಮೆ ನೋಡಿದರು. ಅವರಿಗೆ ಬೈಯಲೂ ತ್ರಾಣವಿರಲಿಲ್ಲ. ಆಟೋ ಕರೆದರು. ಅದರ ಡ್ರೈವರನ ಲೈಸೆನ್ಸು ಕೇಳದ ಹಾಗೆ ಗಂಡನ ತೊಡೆ ಚಿವುಟಿ ಕೂರಿಸಿದರು.

ಮಸಾಜಿನ ಕೋಣೆಯಲ್ಲಿ ಜಾಗವಿರಲಿಲ್ಲ. ಎರಡು ದಿನ ಬೀಗ ಬಿದ್ದಿದ್ದರಿಂದ ಬಾಕಿಯಾದವರೆಲ್ಲ ಮೆಟ್ಟಿಲ ಮೇಲೆ ಕೂತಿದ್ದರು, ಎಲ್ಲರಿಗಿಂತ ಮುಂದೆ ಆ ಮುದುಕರು. "ಬುಧವಾರ ಬನ್ನಿ," ಎಂದರು ಆಕೆ. ಮೇಷ್ಟ್ರು ವಾಪಸು ಬಂದರು.

ಶನಿವಾರದಿಂದ ಮೇಷ್ಟ್ರು ಎಂದಿನಂತೆ ಎಡಗಡೆ ಸೀಟಿನಲ್ಲಿ ಕೂತರು. ಮುಖ ಕಿಟಕಿಯ ಆಚೆಗೆ. ಕಲಿಯುವವರ ಕೈ ಎಲ್ಲಿದೆ, ಕಾಲು ಎಲ್ಲಿದೆ, ಯಾವುದೂ ಕಾಣುತ್ತಿರಲಿಲ್ಲ. ಕಾಣದ ಮೇಲೆ ಏನೆಂದು ಕೂಗುವುದು? ಕಾಲನ್ನು ತಮ್ಮ ಬ್ರೇಕಿನ ಮೇಲಿಟ್ಟುಕೊಂಡು ಎಂಜಿನ್ನಿನ ಸದ್ದು ಕೇಳುತ್ತ, ಆಗೊಮ್ಮೆ ಈಗೊಮ್ಮೆ "ಹೂಂ" ಎನ್ನುತ್ತ ಕೂತರು. ಬ್ಯಾಂಕಿನ ಹೆಂಗಸು ಎರಡು ಸುತ್ತು ಹೋಗಿ, ರಿವರ್ಸ್ ತೆಗೆದು, ಗಾಡಿ ನಿಲ್ಲಿಸಿ, "ಮೇಷ್ಟ್ರೇ, ನಾನು ಏನೂ ತಪ್ಪು ಮಾಡ್ಲಿಲ್ವಾ?" ಎಂದು ಹೆದರುತ್ತ ಕೇಳಿದರು. ಮಂಗಳವಾರದ ಟೆಸ್ಟಿನಲ್ಲಿ ಆಕೆಯೂ ಸೇರಿ ಮೂರಕ್ಕೆ ಮೂರೂ ಜನ ಒಂದೇ ಸಲಕ್ಕೆ ಪಾಸಾದರು. ಸ್ಕೂಲಿನ ಚರಿತ್ರೆಯಲ್ಲೇ ಹೀಗೆ ಆಗಿರಲಿಲ್ಲ.

ಬುಧವಾರ ಮೇಷ್ಟ್ರು ಮಸಾಜಿನ ಕೋಣೆಯ ಕುರ್ಚಿಯಲ್ಲಿ ಕೂತಿದ್ದಾಗ ಸ್ಕೂಲಿನ ಯಜಮಾನರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಅಮ್ಮಾ, ಒಂದು ಉಪಕಾರ ಆಗ್ಬೇಕು. ಇವರನ್ನ ಸ್ವಲ್ಪ ನಿಧಾನವಾಗಿ ವಾಸಿ ಮಾಡಿ. ಒಂದೆರಡು ತಿಂಗಳು ಈ ಕುತ್ತಿಗೆ ಹೀಗೇ ಇದ್ರೆ ನಮ್ಮ ಸ್ಕೂಲು ಉದ್ಧಾರ ಆಗುತ್ತೆ. ಇವರು ಆ ಕಡೆ ನೋಡಿದ್ರೆ ಎಲ್ಲಾರೂ ಪಾಸಾಗ್ತಾರೆ!"

ಕೋಣೆಯಲ್ಲಿದ್ದವರು ನಕ್ಕರು. ಮೇಷ್ಟ್ರು ನಗಲಿಲ್ಲ. ಇಪ್ಪತ್ತೆಂಟು ವರ್ಷ ಗಂಟಲು ಹರಿದುಕೊಂಡಿದ್ದು ಯಾರಿಗಾಗಿ? ಕಿಟಕಿಯ ಆಚೆ ನೋಡುತ್ತಲೇ ಸಣ್ಣ ದನಿಯಲ್ಲಿ, "ಅವರು ಹೇಳೋದು ಸರಿ ಅಮ್ಮಾ. ಬರೋ ವಾರ ಇನ್ನಿಬ್ಬರ ಟೆಸ್ಟ್ ಇದೆ. ಎಡಕ್ಕೇ ಇರ್ಲಿ ಬಿಡಿ," ಎಂದರು.

ಆಕೆ ಸೊಂಟದ ಮೇಲೆ ಕೈಯಿಟ್ಟು ಇಬ್ಬರನ್ನೂ ನೋಡಿದರು.

"ನನಗೆ ಲೈಸೆನ್ಸ್ ಕೊಟ್ಟಿರೋದು ವಾಸಿ ಮಾಡೋಕೆ. ವಾಸಿ ಮಾಡದೇ ಇರೋಕಲ್ಲ. ಮತ್ತೆ ಮೇಷ್ಟ್ರೇ, ಬಾಯಿ ಮುಚ್ಕೊಂಡು ಕೂರೋದಕ್ಕೆ ಕುತ್ತಿಗೆ ಯಾಕೆ ಹಿಡ್ಕೊಂಡಿರ್ಬೇಕು? ನೆಟ್ಟಗೆ ನೋಡ್ಕೊಂಡೂ ಸುಮ್ನಿರಬಹುದು."

ಮೇಷ್ಟ್ರಿಗೆ ಇದು ಹೊಳೆದೇ ಇರಲಿಲ್ಲ. ಆಕೆ ಎರಡೂ ಅಂಗೈಯಲ್ಲಿ ಅವರ ತಲೆ ಹಿಡಿದು ಮೆಲ್ಲಗೆ ಮುಂದಕ್ಕೆ ತಂದರು. ಎದುರಿಗೆ ಯಜಮಾನರ ಪೆಚ್ಚು ಮುಖ ಕಾಣಿಸಿತು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು, ಒಂದು ಕ್ಷಣ ಹಾಗೇ ಇದ್ದರು, ಮತ್ತೆ ಮುಚ್ಚಿಕೊಂಡರು.